ಎರಕ

ಎಂಟನೆಯ ಇಯತ್ತೆ, ಊಟದ ಬಿಡುವಿನ ನಂತರದ ತಾಸು.
ಕಿಟಕಿಯಾಚೆ ಬೆಟಗೇರಿಯ ಮಗ್ಗಗಳ ಖಟಪಟ.
ನಾನು ಧರ್ಮಯುದ್ಧದ ಪಾಠ ಓದಿಸುತ್ತಿದ್ದೆ:
ಇಸವಿ ಸಾವಿರದ ತೊಂಬತ್ತೊಂಬತ್ತು, ಜೆರುಸಲೇಮು,
ಅಂಗಿಯ ಮೇಲೆ ಬಟ್ಟೆಯ ಶಿಲುಬೆ ಹೊಲಿಸಿಕೊಂಡು ಬಂದವರು
ಊರಿಗೆ ಊರನ್ನೇ ಕಡಿದು, ಕೈ ತೊಳೆದು,
ಬರಿಗಾಲಲ್ಲಿ ಕ್ರಿಸ್ತನ ಸಮಾಧಿಗೆ ಹೋಗಿ ಅತ್ತದ್ದು.

ರುಬೀನಾ ಮುಳಗುಂದ ಎದ್ದು ನಿಂತಳು.
ಜಗಳಕ್ಕಲ್ಲ; ಮದುವೆಯ ಹಂದರದಲ್ಲಿ
ಗುರುತು ಸಿಗದವರನ್ನು ತೋರಿಸಿ ಕೇಳುವ ಹಾಗೆ:
"ಸರ, ಅವ್ರು ನಿಮ್ಮ ಮಂದಿ ಏನ್ರಿ?"

"ಕೂಡು. ಪರೀಕ್ಷಾಕ್ಕ ಬರೂದಿಲ್ಲ ಅದು," ಅಂದೆ.

ರಾತ್ರಿ ರೊಟ್ಟಿ ಮುರಿಯುತ್ತ ಲೆಕ್ಕ ಹಾಕಿದೆ.
ಅವರು ಕುದುರೆ ಏರಿದಾಗ ನಮ್ಮವರು ಇಲ್ಲೇ
ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದರು.
ಈ ಎರೆಮಣ್ಣಿನಲ್ಲಿ ಕ್ರಿಸ್ತನ ಹೆಸರು ಕೇಳಿದವರೇ ಇರಲಿಲ್ಲ.
ಗೋವೆಯಲ್ಲಿ ವಿಚಾರಣೆಯ ಕಟ್ಟಿಗೆ ಉರಿದಾಗಲೂ
ಇಲ್ಲೇ. ಅದೇ ಕುಣಿ, ಅದೇ ಲಾಳಿ.
ಯಾರೋ ಎತ್ತಿದ ಸಾಲಕ್ಕೆ ನಾನ್ಯಾಕೆ ಜಾಮೀನು?

ಆದರೆ ಲೆಕ್ಕ ಕೂಡಲಿಲ್ಲ.
ಜರ್ಮನ್ ದವಾಖಾನೆ 'ನಮ್ಮವರು ಕಟ್ಟಿದ್ದು' ಎಂದು
ಬೀಗರ ಮುಂದೆ ಎಷ್ಟು ಸಲ ಮೀಸೆ ತಿರುವಿಲ್ಲ!
ಆಗ ನಮ್ಮವರು.
ಉತಾರದಲ್ಲಿ ಹೆಸರು ಬೇಕು, ಬೋಜಾ ಮಾತ್ರ ಬೇಡ
ಎಂದರೆ ಯಾವ ತಲಾಟಿ ಒಪ್ಪುತ್ತಾನೆ?

ಸಲೋಮಿ ತಾಟು ಎತ್ತುತ್ತ ಅಂದಳು:
"ಜೆರುಸಲೇಮು ದೂರ ಐತಿ ಬಿಡ್ರಿ.
ಗಂಟಿ ಸುದ್ದಿ ಹೇಳ್ರಿ ಆ ಹುಡುಗಿಗೆ."

ಗಂಟೆ ಹಡಗಿನಲ್ಲಿ ಬಂದದ್ದು, ದಾರಿಯಲ್ಲೇ ಬಿರುಕು.
ಮತ್ತೆ ಎರಕ ಹೊಯ್ಯಲು ಲೋಹ ಸಾಲಲಿಲ್ಲ.
ಆಗಷ್ಟೇ ಮಲ್ಲಪ್ಪ ಹೋಗಿ ಮಲಾಕಿಯಾಗಿದ್ದ ನನ್ನ ಮುತ್ತಜ್ಜ
ಜಗಲಿಯ ಮೇಲಿನ ಬನಶಂಕರಿಯನ್ನು,
ಗೇಣುದ್ದದವಳನ್ನು, ಹುಣಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ ಮೂಗು ಸವೆದವಳನ್ನು,
ಗೋಣಿಚೀಲಕ್ಕಿಳಿಸಿ ಕಂಚುಗಾರನಿಗೆ ಕೊಟ್ಟ.
ಯಾವ ಪಾದ್ರಿಯೂ ಕೇಳಿರಲಿಲ್ಲವಂತೆ.
ಕೇಳಿದ್ದರಂತೆ.
ನಮ್ಮ ಮನೆಯಲ್ಲಿ ಎರಡೂ ಹೇಳುತ್ತಾರೆ.

ದೇವಿ ಅವನದಾಗಿರಲಿಲ್ಲ. ಅವನ ತಾಯಿ ನಿಂಗವ್ವನದು.
ಅವಳು ದೀಕ್ಷಾಸ್ನಾನ ಪಡೆದವಳಲ್ಲ.
ಮಗಳ ಬಾಣಂತನಕ್ಕೆ ಮುಂಡರಗಿಗೆ ಹೋಗಿದ್ದಳು.
ಬಂದು, ಕಾಲು ತೊಳೆದು, ಜಗಲಿ ನೋಡಿದಳು.
ಅರಿಷಿಣದ ಒಂದು ದುಂಡನೆಯ ಕಲೆ ಇತ್ತು.

ಮಗನ ಕೂಡ ಮಾತು ಬಿಟ್ಟಳು;
ರೊಟ್ಟಿ ಬಡಿದು ಹಾಕುವುದನ್ನು ಬಿಡಲಿಲ್ಲ.
ಹನ್ನೊಂದು ವರ್ಷ.
ರವಿವಾರ ಗಂಟೆ ಹೊಡೆದಾಗೆಲ್ಲ
ಒಲೆಯ ಮುಂದಿನಿಂದ ಎದ್ದು, ಹಿಟ್ಟಿನ ಕೈಯಲ್ಲೇ
ಚರ್ಚಿನ ಕಡೆ ತಿರುಗಿ ಮುಗಿಯುತ್ತಿದ್ದಳು.
ಮುದುಕಿ ಕಡೆಗೂ ಮೆತ್ತಗಾದಳೆಂದು ಪಾದ್ರಿ ಹಿಗ್ಗಿದ.
ವರ್ಷದ ವರದಿಯಲ್ಲಿ ಬರೆದೂ ಕಳಿಸಿದನಂತೆ.
ಅವಳು ಸೊಸೆಯ ಮುಂದೆ ಮಾತ್ರ ಅಂದದ್ದು:
"ಒಳಗ ನಮ್ಮವ್ವ ಅದಾಳ. ಕರೀತಾಳ."

ಈ ಗಂಟೆಯ ಹಗ್ಗವನ್ನು ನಾನು
ಹದಿನಾರನೆಯ ವಯಸ್ಸಿನಿಂದ ಜಗ್ಗುತ್ತಿದ್ದೇನೆ.
ಒಳ್ಳೆಯ ನಾದ. ಗದಗ ಸ್ಟೇಶನ್ನಿನ ತನಕ ಕೇಳುತ್ತದೆ.

ಸೋಮವಾರ ಪುಸ್ತಕ ತೆರೆಯದೆ ಹೇಳಿದೆ:
"ಹೌದು ರುಬೀನಾ, ನಮ್ಮ ಮಂದಿ."
ಆಮೇಲೆ ನಿಂಗವ್ವನ ಕತೆ ಹೇಳಿದೆ, ಹೇಳಲು ಬಂದಷ್ಟು.
ಹಿಂದಿನ ಬೆಂಚಿನವರು ನಕ್ಕರು, ಮೂಗು ಸವೆದದ್ದಕ್ಕೆ.
ಅವಳು ನಗಲಿಲ್ಲ. ಪೆನ್ನಿನ ಟೊಪ್ಪಿಗೆ ಕಚ್ಚುತ್ತ ಕೇಳಿದಳು:
"ಹಂಗಾರ ಆಕಿ ಮುಂದ ಯಾರರ
ತಪ್ಪಾತು ಅಂದ್ರೇನ್ರಿ, ಸರ?"

ಅಷ್ಟರಲ್ಲಿ ತಾಸು ಮುಗಿದ ಗಂಟೆ.
ಶಾಲೆಯದು ಬರೀ ಕಬ್ಬಿಣ, ರೈಲುಹಳಿಯ ತುಂಡು;
ಒಳಗೆ ಯಾರೂ ಇಲ್ಲ.
ಆದರೂ ಸುಣ್ಣದಕಡ್ಡಿ ಹಿಡಿದಿದ್ದ ನನ್ನ ಕೈ
ಇನ್ನೊಂದು ಕೈಯನ್ನು ಹುಡುಕಿತು.